ಹೊಗೆ ಬಂತಾ, ಇಲ್ವಾ?

ಡೀಸೆಲ್ ಗಾಡಿ ಬೆಳಿಗ್ಗೆ ಸ್ಟಾರ್ಟ್ ಆಗಲಿಲ್ಲ ಅಂದ್ರೆ ಎಲ್ಲರೂ ಬಾನೆಟ್ ಎತ್ತಿ ಮುಂದೆ ಗುಂಪು ಸೇರ್ತಾರೆ. ಒಬ್ಬರಾದ್ರೂ ಹಿಂದೆ ಸೈಲೆನ್ಸರ್ ಹತ್ತಿರ ನಿಲ್ಲಬೇಕು ಅನ್ನೋದು ನನ್ನ ವಾದ. ಸೆಲ್ಫ್ ಹೊಡೆಯುವಾಗ ಅಲ್ಲಿಂದ ಬಿಳಿ ಹೊಗೆ ಬಂತೋ, ಡೀಸೆಲ್ ಸಿಲಿಂಡರ್ ತನಕ ಬರ್ತಿದೆ, ಹೊತ್ತಿಕೊಳ್ತಿಲ್ಲ ಅಷ್ಟೆ. ಹೊಗೆಯ ಸುಳಿವೇ ಇಲ್ಲವೋ, ಬಹುಮಟ್ಟಿಗೆ ಡೀಸೆಲ್ಲೇ ಒಳಗೆ ಹೋಗ್ತಿಲ್ಲ. ಒಂದು ಸ್ಪ್ಯಾನರ್ ಮುಟ್ಟದೆ ಅರ್ಧ ರೋಗ ಗೊತ್ತಾಯ್ತು, ಅಲ್ವಾ?

ಪೆಟ್ರೋಲ್ ಗಾಡಿ ಓಡಿಸಿ ಅಭ್ಯಾಸ ಆದವರು ‘ಪ್ಲಗ್ ಬಿಚ್ಚಿ ಒರೆಸಿ’ ಅಂತಾರೆ. ಇದರಲ್ಲಿ ಕಿಡಿ ಹಾರಿಸೋ ಪ್ಲಗ್ಗೇ ಇಲ್ವಲ್ಲ! ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುತ್ತಲ್ಲ, ಆ ಬಿಸಿಯನ್ನೇ ನಂಬಿಕೊಂಡಿರೋ ಎಂಜಿನ್ ಇದು. ಗಾಳಿಯನ್ನು ಹದಿನಾರರಿಂದ ಇಪ್ಪತ್ತು ಪಟ್ಟು ಒತ್ತಿದಾಗ ಅದು ಕೆಂಡದಂತೆ ಕಾಯುತ್ತೆ, ಡೀಸೆಲ್ ಚಿಮುಕಿಸಿದ ಕೂಡಲೇ ಭಗ್ ಅನ್ನುತ್ತೆ. 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ಇದನ್ನು ನಡೆಸಿ ತೋರಿಸಿದ ರುಡಾಲ್ಫ್ ಡೀಸೆಲ್ ಕಥೆ ನಿಮಗೆ ಗೊತ್ತೇ ಇರುತ್ತೆ. 1913ರಲ್ಲಿ ಹಡಗು ಹತ್ತಿ ಇಂಗ್ಲೆಂಡಿಗೆ ಹೊರಟಿದ್ದರು. ರಾತ್ರಿ ಊಟ ಮುಗಿಸಿ ಕೋಣೆಗೆ ಹೋದವರು ಬೆಳಿಗ್ಗೆ ನೋಡಿದ್ರೆ ಇಲ್ಲ. ಹಾಸಿಗೆಯಲ್ಲಿ ಮಲಗಿದ ಗುರುತೂ ಇರಲಿಲ್ಲವಂತೆ. ಪಾಪ, ಇಷ್ಟು ದೊಡ್ಡ ಕೆಲಸ ಮಾಡಿದವರಿಗೆ ಹೀಗಾಗಬಾರದಿತ್ತು.

ಇರಲಿ, ಬಿಳಿ ಹೊಗೆಗೆ ಬರೋಣ. ಚಳಿಗೆ ಬ್ಯಾಟರಿ ಸೋತಿದ್ರೆ ಎಂಜಿನ್ ಮೆಲ್ಲಗೆ ತಿರುಗುತ್ತೆ, ಒತ್ತಿದ ಗಾಳಿಯ ಬಿಸಿಯನ್ನೆಲ್ಲ ತಣ್ಣಗಿರೋ ಸಿಲಿಂಡರ್ ಗೋಡೆಯೇ ನುಂಗಿಬಿಡುತ್ತೆ. ಅದಕ್ಕೇ ಹೀಟರ್ ಪ್ಲಗ್ ಇಟ್ಟಿರೋದು. ಡ್ಯಾಶ್‌ಬೋರ್ಡಿನಲ್ಲಿ ಸುರುಳಿ ಗುರುತಿನ ಹಳದಿ ದೀಪ ಹತ್ತುತ್ತಲ್ಲ, ಅದು ಆರುವವರೆಗೆ ಕಾಯೋಕೆ ನಮ್ಮ ಜನಕ್ಕೆ ಅದೇನು ಅವಸರವೋ!

ಮೂಡಿಗೆರೆ ಕಡೆ ನಮ್ಮ ಸೋದರಮಾವ ಜೀಪನ್ನು ಯಾವತ್ತೂ ಸಮತಟ್ಟು ಜಾಗದಲ್ಲಿ ನಿಲ್ಲಿಸಿದವರೇ ಅಲ್ಲ. ಡಿಸೆಂಬರ್ ಬೆಳಿಗ್ಗೆ ಇಳಿಜಾರಲ್ಲಿ ಉರುಳಿಸಿ, ಎರಡನೇ ಗೇರಿಗೆ ಹಾಕಿ ಕ್ಲಚ್ ಬಿಟ್ರೆ ಒಂದು ಜರ್ಕ್, ಆಮೇಲೆ ಗುಡುಗುಡು. ಎಷ್ಟು ಚಂದದ ಸದ್ದು ಅದು! ಆ ಕಾಲದ ಪಂಪು ಎಂಜಿನ್ ತಿರುಗಿದ್ರೆ ಸಾಕು, ಡೀಸೆಲ್ ಕೊಡ್ತಿತ್ತು. ಈಗಿನ ಕಾಮನ್ ರೈಲ್ ಗಾಡಿಯಲ್ಲಿ ಯಾವಾಗ ಎಷ್ಟು ಚಿಮುಕಿಸಬೇಕು ಅನ್ನೋದನ್ನು ಕಂಪ್ಯೂಟರ್ ಹೇಳಬೇಕು. ಬ್ಯಾಟರಿ ಪೂರಾ ಸತ್ತಿದ್ರೆ ಬೆಟ್ಟದ ಮೇಲಿಂದ ತಳ್ಳಿದ್ರೂ ಪ್ರಯೋಜನವಿಲ್ಲ. ಮೇಲಾಗಿ ಎಂಜಿನ್ ಓಡದೆ ಬ್ರೇಕೂ ಸ್ಟಿಯರಿಂಗೂ ಕಲ್ಲಾಗಿರುತ್ತೆ, ಇಳಿಜಾರಿನಲ್ಲಿ ಆ ಸಾಹಸ ಬೇಡವೇ ಬೇಡ.

ಹೊಗೆ ಬಾರದ ಗಾಡಿಯದ್ದು ಇನ್ನೂ ಸೊಗಸಾದ ಪ್ರಸಂಗ. ಟ್ಯಾಂಕ್ ಬರಿದಾಗಿದ್ರೆ, ಇಲ್ಲವೇ ನಿನ್ನೆ ತಾನೇ ಫಿಲ್ಟರ್ ಬದಲಾಯಿಸಿದ್ರೆ, ಮೊದಲ ಗುಮಾನಿ ಪೈಪಿನೊಳಗೆ ಸೇರಿಕೊಂಡ ಗಾಳಿಯ ಮೇಲೆ. ಡೀಸೆಲ್ಲನ್ನು ಒತ್ತಿದ್ರೆ ಮುಂದಕ್ಕೆ ಹೋಗುತ್ತೆ. ಗಾಳಿಗುಳ್ಳೆ ಹಾಗಲ್ಲ, ಒತ್ತಿದಷ್ಟೂ ತಾನೇ ಕುಗ್ಗಿಕೊಂಡು ಕೂರುತ್ತೆ. ಪಂಪಿನ ಶಕ್ತಿಯೆಲ್ಲ ಅದಕ್ಕೇ ಖರ್ಚಾಗಿ ಡೀಸೆಲ್ ಚಿಮುಕಿಸೋ ನಾಝಲ್ ಬಾಯಿ ತೆರೆಯೋದೇ ಇಲ್ಲ. ಕೈಪಂಪ್ ಇರೋ ಹಳೇ ಗಾಡಿಯಾದ್ರೆ ಫಿಲ್ಟರ್ ಮೇಲಿನ ಸ್ಕ್ರೂ ಸಡಿಲಿಸಿ ಪಂಪ್ ಒತ್ತುತ್ತಾ ಇರಬೇಕು. ಮೊದಲು ನೊರೆ, ಆಮೇಲೆ ಪುಸ್ ಪುಸ್ ಅಂತ ಗುಳ್ಳೆ, ಕೊನೆಗೆ ತಿಳಿಯಾದ ಡೀಸೆಲ್ ಒಂದೇ ಧಾರೆಯಾಗಿ ಬರುತ್ತೆ. ಧಾರೆ ನಿಲ್ಲೋ ಮೊದಲೇ ಸ್ಕ್ರೂ ಬಿಗಿದ್ರೆ ಕೆಲಸ ಆಯ್ತು.

ರಾತ್ರಿ ಸರಿಯಿದ್ದ ಗಾಡಿಗೂ ಬೆಳಿಗ್ಗೆ ಗಾಳಿ ಸೇರಿರುತ್ತಲ್ಲ, ಅದು ನೋಡಿ ಒಗಟು. ಟ್ಯಾಂಕಿನಿಂದ ಬರೋ ರಬ್ಬರ್ ಪೈಪ್ ಎಲ್ಲೋ ಸಣ್ಣಗೆ ಬಿರುಕು ಬಿಟ್ಟಿರುತ್ತೆ. ಡೀಸೆಲ್ಲನ್ನು ಪಂಪು ಎಳೆದುಕೊಳ್ಳೋ ಕಡೆ ಅದು, ಹಾಗಾಗಿ ಹೊರಗೆ ಒಂದು ಹನಿಯೂ ತೊಟ್ಟಿಕ್ಕದೆ ಇರಬಹುದು. ಒಳಗೆ ಗಾಳಿ ಮಾತ್ರ ನುಸುಳುತ್ತೆ. ರಾತ್ರಿಯಿಡೀ ಡೀಸೆಲ್ ಮೆಲ್ಲಗೆ ಟ್ಯಾಂಕಿಗೆ ವಾಪಸ್ ಹೋಗಿಬಿಡುತ್ತೆ. ನೆಲ ಒಣಗಿದೆ, ಲೀಕ್ ಇಲ್ಲ ಅಂತ ಹೇಳೋ ಹಾಗೇ ಇಲ್ಲ. ತಿಳಿದ ಮೆಕ್ಯಾನಿಕ್ ಆದ್ರೆ ಮಧ್ಯದಲ್ಲೊಂದು ಗಾಜಿನಂಥ ಪಾರದರ್ಶಕ ಪೈಪಿನ ತುಂಡು ಸಿಕ್ಕಿಸಿ ಗುಳ್ಳೆ ಬರ್ತಿದೆಯಾ ನೋಡ್ತಾರೆ. ಎಂಥಾ ಸರಳ ಉಪಾಯ! ಮಳೆಗಾಲದಲ್ಲಿ ಫಿಲ್ಟರ್ ತಳದ ನೀರನ್ನೂ ಆಗಾಗ ಬಿಡಬೇಕು, ನೀರು ನಾಝಲ್ ತಿಂದು ಹಾಕುತ್ತೆ.

ಒಂದು ಮಾತ್ರ ದಮ್ಮಯ್ಯ ಅಂತೀನಿ. ಹಳೇ ಗಾಡಿಯ ಹಾಗೆ ಕಾಮನ್ ರೈಲ್ ಗಾಡಿಯಲ್ಲಿ ನಾಝಲ್ ಪೈಪಿನ ನಟ್ ಸಡಿಲಿಸೋಕೆ ಹೋಗಬೇಡಿ. ಎಂಜಿನ್ ಓಡುವಾಗ ಅಲ್ಲಿ ಸಾವಿರ ಬಾರ್ ಮೀರಿದ ಒತ್ತಡ ಇರುತ್ತೆ, ಡೀಸೆಲ್ ಚರ್ಮ ಸೀಳಿಕೊಂಡು ಒಳಗೇ ಹೋಗುತ್ತೆ. ಹಾಗೇನೇ, ಬೇಗ ಸ್ಟಾರ್ಟ್ ಆಗಲಿ ಅಂತ ಹೊಡೆಯೋ ಈಥರ್ ಸ್ಪ್ರೇ. ಹೀಟರ್ ಪ್ಲಗ್ ಕಾದಿರುವಾಗ ಅದನ್ನು ಹೊಡೆದ್ರೆ ಸಮಯಕ್ಕೆ ಮುಂಚೆಯೇ ಸಿಡಿದು ಪಿಸ್ಟನ್ನೇ ಒಡೆದುಹೋಗಬಹುದು. ಯಾರಾದ್ರೂ ಡಬ್ಬಿ ಹಿಡಿದು ಬಂದ್ರೆ ಬೇಡ ಅಂತ ಕಳಿಸಿಬಿಡಿ, ಬೇಕಾದ್ರೆ ನನ್ನ ಹೆಸರೇ ಹೇಳಿ.