ನಿಧಾನಕ್ಕೇ ಲೈಸೆನ್ಸು

ಬೈಕ್ ಎಂದರೆ ವೇಗ ಅಂದುಕೊಂಡವರು ಜಪಾನಿಗೆ ಹೋಗಿ ಒಮ್ಮೆ ಲೈಸೆನ್ಸ್ ಮಾಡಿಸಬೇಕು. 15 ಮೀಟರ್ ಉದ್ದ, 30 ಸೆಂಟಿಮೀಟರ್ ಅಗಲದ ಒಂದು ಹಲಗೆಯಂಥ ಹಾದಿ. 400 ಸಿಸಿವರೆಗಿನ ಬೈಕಿನವರು ಅದನ್ನು ದಾಟಲು ಕನಿಷ್ಠ 7 ಸೆಕೆಂಡು ತೆಗೆದುಕೊಳ್ಳಬೇಕು, ದೊಡ್ಡ ಬೈಕಿನವರು 10. ಬೇಗ ದಾಟಿದಿರೋ, ಅಂಕ ಕಟ್. ಚಕ್ರ ಕೆಳಗೆ ಜಾರಿತೋ, ಅಲ್ಲಿಗೇ ಫೇಲು.

ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ಕಿನಲ್ಲಿ ಪಳಗಿದವರಿಗೆ ಇದೇನು ಮಹಾ ಎನ್ನಿಸೀತು. ಆದರೆ ನಮ್ಮ ನಿಧಾನದಲ್ಲಿ ಎರಡೂ ಕಾಲು ನೆಲ ಸವರುತ್ತಲೇ ಇರುತ್ತವಲ್ಲ, ಆ ಸೌಕರ್ಯ ಅಲ್ಲಿಲ್ಲ.

ಡ್ರೈವಿಂಗ್ ಶಾಲೆಗೆ ಸೇರಿದರೆ ಮೊದಲ ಪಾಠ ಸವಾರಿಯದಲ್ಲ. ಸುಮಾರು 200 ಕಿಲೋ ಬೈಕನ್ನು ನೆಲಕ್ಕೆ ಮಲಗಿಸಿ, ‘ಎತ್ತಿ ನಿಲ್ಲಿಸಿ’ ಅಂತಾರೆ, ಅದೂ ಜಪಾನಿ ಭಾಷೆಯಲ್ಲಿ. ಅರ್ಥವಾಗಲು ಭಾಷೆ ಬೇಕಿಲ್ಲ, ಬೇಕಾಗಿರುವುದು ಸೊಂಟ. ಆಮೇಲೆ ಕತ್ತಿನ ಸರದಿ: ತಿರುವಿಗೆ ಮುಂಚೆ ಕನ್ನಡಿ ನೋಡಿದರೆ ಸಾಲದು, ಪರೀಕ್ಷಕರಿಗೆ ಕಾಣುವಷ್ಟು ಹೊರಳಿ ಹಿಂದೆ ನೋಡಬೇಕು. ಕಣ್ಣಂಚಿನಲ್ಲಿ ನೋಡಿದ್ದು ಲೆಕ್ಕಕ್ಕಿಲ್ಲ.

ಇದೆಲ್ಲ ರಗಳೆ ಬೇಡ, ನಮ್ಮೂರ ಲೈಸೆನ್ಸನ್ನೇ ಬದಲಾಯಿಸಿಕೊಡಿ ಅನ್ನಬಹುದು. ಆಗ ಆ ಊರ ಲೈಸೆನ್ಸ್ ಸಿಕ್ಕ ಮೇಲೆ ಒಟ್ಟು 3 ತಿಂಗಳಾದರೂ ಭಾರತದಲ್ಲೇ ಇದ್ದಿರೆಂದು ತೋರಿಸಬೇಕು. ಅದನ್ನು ಪಾಸ್‌ಪೋರ್ಟಿನ ಮುದ್ರೆಗಳು ಹೇಳಬೇಕೇ ವಿನಾ, ಊರಿನಿಂದ ಫೋನಿನಲ್ಲಿ ‘ಇಲ್ಲೇ ಇದ್ದ ಕಣಪ್ಪಾ’ ಎನ್ನುವ ಅಮ್ಮನ ಸಾಕ್ಷಿ ನಡೆಯದು.