ಅನಮೋಡ ಘಾಟಿಗೊಂದು ಡುಕಾಟಿ

ತೊಂಬತ್ತರ ದಶಕದ ಡುಕಾಟಿ 916 ಬೈಕು ಮಾರಾಟಕ್ಕಿದೆ ಎಂದರೆ ಬೆಂಗಳೂರಿನವರು ಕಣ್ಣರಳಿಸಿಯಾರು. ಅನಮೋಡದ ಚಹಾ ಅಂಗಡಿಯಲ್ಲಾದರೆ ಮೊದಲ ಪ್ರಶ್ನೆ: “ಎವರೇಜ್ ಎಷ್ಟು ಕೊಡ್ತೈತ್ರಿ?” ಮಾಸಿಮೊ ತಂಬುರಿನಿ ರೂಪಿಸಿ, 1994ರಲ್ಲಿ ರಸ್ತೆಗಿಳಿದ ಚೆಲುವೆಗೆ ಈ ಅವಮಾನ! ಅದರ ಡ್ರೈ ಕ್ಲಚ್ಚು ನಿಂತಲ್ಲೇ ಪಾತ್ರೆ ಉರುಳಿದಂತೆ ಗಲಗಲಿಸುತ್ತದೆ. ಕಾರ್ಖಾನೆಯೇ ಕೊಟ್ಟ ಸಂಗೀತ ಅದು. “ಬೇರಿಂಗ್ ಹೋಗೇತಿ, ಐದು ಸಾವಿರ ಕಮ್ಮಿ ಮಾಡ್ರಿ.” ಹಿಂದಿನ ಗಾಲಿಗೆ ಒಂದೇ ಕಡೆ ತೋಳು, ಇನ್ನೊಂದು ಎಲ್ಲಿ ಬಿತ್ತೆಂದು ಹುಡುಕಲು ಘಾಟಿಗಿಳಿಯುವ ಪರೋಪಕಾರಿಗಳೂ ಸಿಕ್ಕಾರು.

ಎರಡು ಸೈಲೆನ್ಸರ್ ಸೀಟಿನಡಿಯೇ ಇರುವುದರಿಂದ ಕೂತವರ ಅಂಡು ಬೇಯುತ್ತದೆ. ನಮ್ಮ ಜುಲೈ ಮಳೆಗೆ ಅದು ದೋಷವಲ್ಲ, ಸೌಲಭ್ಯ. ಕಷ್ಟ ಇರುವುದು ಗೋವಾದಿಂದ ಘಾಟಿ ಹತ್ತಿ ಬಂದಾಗ, ಅಬಕಾರಿ ಚೆಕ್‌ಪೋಸ್ಟಿನಲ್ಲಿ.

“ಸೀಟಿನ ಕೆಳಗ ಏನೈತಿ?”

“ಸೈಲೆನ್ಸರ್ ರೀ, ಸಾಹೇಬ್ರ.”

“ಎರಡೂ?”