ರಾಜಾಜಿನಗರದ ಫ್ರಿಜ್ ಶಾಸನ: ಪಾಠ, ಟೀಕೆ ಮತ್ತು ತಕರಾರು

ಪ್ರಸ್ತುತ ಶಾಸನವು ಬೆಂಗಳೂರಿನ ರಾಜಾಜಿನಗರದ ಮನೆಯೊಂದರ ಫ್ರಿಜ್ಜಿನ ಬಾಗಿಲ ಮೇಲೆ, ತಿರುಪತಿ ವೆಂಕಟರಮಣನ ಚಿತ್ರವಿರುವ ಆಯಸ್ಕಾಂತದ ಕೆಳಗೆ ಸಿಕ್ಕಿಕೊಂಡಿದ್ದಾಗ ಪತ್ತೆಯಾಯಿತು. ಅಳತೆ ಎ4. ಬಲತುದಿಯಲ್ಲಿ ಸಾರಿನ ಕಲೆಯಿಂದ ಎರಡು ಅಕ್ಷರಗಳು ಅಳಿದಿವೆ, ಅರ್ಥಕ್ಕೆ ಬಾಧೆಯಿಲ್ಲ. ಹಲ್ಮಿಡಿ ಶಾಸನ ಕ್ರಿ.ಶ. 450ರದ್ದೋ ಅದಕ್ಕಿಂತ ಈಚಿನದೋ ಎಂದು ವಿದ್ವಾಂಸರು ಇವತ್ತಿಗೂ ಜಗಳವಾಡುತ್ತಾರೆ. ಇಲ್ಲಿ ಆ ತಾಪತ್ರಯವಿಲ್ಲ. ರಕ್ತ ತೆಗೆದದ್ದು ಶನಿವಾರ ಬೆಳಗ್ಗೆ 7 ಗಂಟೆ 42 ನಿಮಿಷಕ್ಕೆ ಎಂದು ಬಾರ್‌ಕೋಡ್ ಸಮೇತ ಅಚ್ಚಾಗಿದೆ. ಭಾಷೆ ಇಂಗ್ಲಿಷ್, ಅಕ್ಷರ ಅತಿ ಸಣ್ಣದು, ಧಾಟಿ ಬೆದರಿಕೆಯದು.

ಶಾಸನ ಹುಟ್ಟಿದ ಸಂದರ್ಭವನ್ನೂ ದಾಖಲಿಸಬೇಕು. 2025ರ ಮಳೆಗಾಲದ ಆರಂಭದಲ್ಲಿ ಹಾಸನದ ಹೃದಯಾಘಾತಗಳ ಸುದ್ದಿ ಟಿವಿಯಲ್ಲಿ ಹಗಲಿರುಳೂ ಓಡಿತು. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಜನ ಸಾಲುಗಟ್ಟಿ ನಿಂತರು. ಈ ಶಾಸನದ ಯಜಮಾನರು ಸಾಲು ನಿಲ್ಲುವ ಜಾಯಮಾನದವರಲ್ಲ. ಮೊಬೈಲಿನಲ್ಲಿ ‘ಫುಲ್ ಬಾಡಿ ಚೆಕಪ್’ ಆಫರ್ ಹಿಡಿದರು. ಹುಡುಗನೊಬ್ಬ ಮನೆಗೇ ಬಂದು ರಕ್ತ ಎಳೆದುಕೊಂಡು ಹೋದ. ಆದಕಾರಣ ಕಳುಹಿಸಿದ ವೈದ್ಯರ ಹೆಸರು ಇರಬೇಕಾದ ಜಾಗದಲ್ಲಿ ‘ಸೆಲ್ಫ್’ ಎಂದಿದೆ. ಕಳುಹಿಸಿದವನೂ ತಾನೇ, ಹೋದವನೂ ತಾನೇ, ವರದಿ ಓದಿ ತೀರ್ಪು ಕೊಡುವವನೂ ತಾನೇ: ಇಷ್ಟು ಕಟ್ಟುನಿಟ್ಟಿನ ಅದ್ವೈತ ಶೃಂಗೇರಿಯಲ್ಲೂ ಸಿಗುವುದು ಕಷ್ಟ.

ಪಾಠ ಹೀಗಿದೆ. ಒಟ್ಟು ಕೊಲೆಸ್ಟರಾಲ್ 232. ಟ್ರೈಗ್ಲಿಸರೈಡ್ 240. ಎಚ್‌ಡಿಎಲ್ 38. ವಿಎಲ್‌ಡಿಎಲ್ 48. ಎಲ್‌ಡಿಎಲ್ 146. ನಾನ್-ಎಚ್‌ಡಿಎಲ್ 194. ಎಲ್ಲವೂ ಡೆಸಿಲೀಟರಿಗೆ ಇಷ್ಟು ಮಿಲಿಗ್ರಾಂ ಎಂಬ ಲೆಕ್ಕ. ಇದರ ಕೆಳಗೆ ಒಂದನ್ನು ಇನ್ನೊಂದರಿಂದ ಭಾಗಿಸಿದ ಮೂರು ಅನುಪಾತಗಳಿವೆ. ಅವು ಪ್ರಕ್ಷಿಪ್ತ ಎಂಬುದು ನಮ್ಮ ಅಭಿಪ್ರಾಯ. ಮೇಲಿನ ಸಾಲುಗಳಲ್ಲಿ ಇಲ್ಲದ ಯಾವ ಹೊಸ ಸಮಾಚಾರವನ್ನೂ ಅವು ಹೇಳುವುದಿಲ್ಲ, ಹಾಳೆ ತುಂಬಿಸುತ್ತವೆ.

ಶಾಸನದ ಮೊದಲ ಟೀಕಾಕಾರರು ಸ್ವತಃ ಯಜಮಾನರು. ಪಕ್ಕದ ಕಾಲಂ ನೋಡಿದರು. ಒಟ್ಟು ಕೊಲೆಸ್ಟರಾಲ್ 200ರಿಂದ 239ರವರೆಗೆ ಇದ್ದರೆ ‘ಬಾರ್ಡರ್‌ಲೈನ್’ ಎಂದಿತ್ತು. ಎಲ್‌ಡಿಎಲ್ 130ರಿಂದ 159 ಇದ್ದರೂ ಅದೇ ಮಾತು. “ಬಾರ್ಡರ್ ಅಷ್ಟೇ ಕಣೇ, ಏನೂ ಇಲ್ಲ” ಎಂದು ಹೆಂಡತಿಗೆ ಹೇಳಿ ಬಜ್ಜಿಗೆ ಕೈಹಾಕಿದರು. ಗಡಿ ಎಂದರೆ ಏನೂ ಇಲ್ಲ ಎಂಬ ಮಾತನ್ನು ಅವರು ಬೆಳಗಾವಿಯಲ್ಲಿ ನಿಂತು ಹೇಳಿದ್ದರೆ ಗೊತ್ತಾಗುತ್ತಿತ್ತು. ಈ ಕಾಲಂ 2001ರಲ್ಲಿ ಅಮೆರಿಕದ ತಜ್ಞರ ಸಮಿತಿ ಮಾಡಿದ ವರ್ಗೀಕರಣದ್ದು. ನಮ್ಮ ಎಷ್ಟೋ ಲ್ಯಾಬುಗಳು ಇವತ್ತಿಗೂ ಅದನ್ನೇ ಅಚ್ಚು ಹಾಕುತ್ತವೆ. ಅದಕ್ಕೆ ಯಜಮಾನರ ಪರಿಚಯವಿಲ್ಲ.

ಈಗ ಪಾಠಾಂತರದ ಪ್ರಶ್ನೆ. ಎಲ್ಲರೂ ಹೆದರುವ ಎಲ್‌ಡಿಎಲ್ ಎಂಬ ಅಂಕಿಯನ್ನು ಎಷ್ಟೋ ಲ್ಯಾಬುಗಳಲ್ಲಿ ಯಾರೂ ಅಳೆದಿರುವುದಿಲ್ಲ. ಅದು ಸಂಪಾದಕರು ಊಹಿಸಿ ತುಂಬಿದ ಕಲ್ಪಿತ ಪಾಠ. 1972ರಲ್ಲಿ ಫ್ರೀಡ್‌ವಾಲ್ಡ್, ಲೆವಿ, ಫ್ರೆಡ್ರಿಕ್‌ಸನ್ ಎಂಬ ಮೂವರು ಅಮೆರಿಕನ್ನರು ಒಂದು ಸೂತ್ರ ಕೊಟ್ಟರು: ಟ್ರೈಗ್ಲಿಸರೈಡನ್ನು ಐದರಿಂದ ಭಾಗಿಸಿ ವಿಎಲ್‌ಡಿಎಲ್ ಎನ್ನಿ, ಅದನ್ನೂ ಎಚ್‌ಡಿಎಲ್ಲನ್ನೂ ಒಟ್ಟು ಮೊತ್ತದಿಂದ ಕಳೆಯಿರಿ, ಉಳಿದದ್ದು ಎಲ್‌ಡಿಎಲ್. ಪರೀಕ್ಷಿಸಿ ನೋಡೋಣ: 240ನ್ನು ಐದರಿಂದ ಭಾಗಿಸಿದರೆ 48, 232ರಿಂದ 38 ಮತ್ತು 48 ಹೋದರೆ 146. ಶಾಸನದ ಪಾಠ ಶುದ್ಧವಾಗಿದೆ. ಆದರೆ ಟ್ರೈಗ್ಲಿಸರೈಡ್ 400 ದಾಟಿತೆಂದರೆ ಈ ಸೂತ್ರ ಕೈಕೊಡುತ್ತದೆ. ಹಿಂದಿನ ರಾತ್ರಿ ಬೀಗರೂಟಕ್ಕೆ ಹೋಗಿ, ಊಟಕ್ಕೆ ಮೊದಲು ಹಿತ್ತಿಲಲ್ಲಿ ಎರಡು ಪೆಗ್ ಹಾಕಿ ಬಂದವರ ರಕ್ತದಲ್ಲಿ ಟ್ರೈಗ್ಲಿಸರೈಡ್ ಏರಿ, ಲೆಕ್ಕದ ಎಲ್‌ಡಿಎಲ್ ಇಳಿದು, ತಿಂದವನಿಗೇ ಬಹುಮಾನ ಸಿಕ್ಕಂತಾಗಬಹುದು. ಉಪವಾಸ ಕಡ್ಡಾಯವೆಂಬ ಹಳೆಯ ನೇಮ ಈಗ ಸಡಿಲವಾಗಿದೆ, ಮೊದಲ ಪರೀಕ್ಷೆಗೆ ತಿಂದು ಬಂದರೂ ನಡೆಯುತ್ತದೆ. ಟ್ರೈಗ್ಲಿಸರೈಡ್ ವಿಪರೀತ ಬಂದರೆ ಮಾತ್ರ ಖಾಲಿ ಹೊಟ್ಟೆಯಲ್ಲಿ ಇನ್ನೊಮ್ಮೆ.

ಯಾರೂ ಓದದೆ ದಾಟಿಹೋಗುವ ನಾನ್-ಎಚ್‌ಡಿಎಲ್ ಸಾಲಿನಲ್ಲಿ ಇಂಥ ಕಪಟವಿಲ್ಲ. ಒಟ್ಟು ಮೊತ್ತದಲ್ಲಿ ಎಚ್‌ಡಿಎಲ್ ಕಳೆದರಾಯಿತು. ರಕ್ತನಾಳದ ಗೋಡೆಗೆ ಸೇರಿಕೊಳ್ಳುವ ಕಣಗಳೆಲ್ಲ ಅದರೊಳಗೆ ಬಂದವು. ಟ್ರೈಗ್ಲಿಸರೈಡ್ 150ಕ್ಕಿಂತ ಹೆಚ್ಚಿರುವವರು, ಅಂದರೆ ನಮ್ಮ ಕಡೆಯ ಹೊಟ್ಟೆಯುಳ್ಳ ಗೃಹಸ್ಥರು, ಮೊದಲು ಓದಬೇಕಾದ ಸಾಲು ಇದು.

ಎಚ್‌ಡಿಎಲ್ ‘ಒಳ್ಳೆಯದು’ ಎಂಬ ಪ್ರಶಸ್ತಿ ಪಡೆದಿದೆ. ಒಳ್ಳೆಯದಾದರೆ ಔಷಧಿ ಕೊಟ್ಟು ಹೆಚ್ಚಿಸೋಣ ಎಂದು ಹೊರಟವರಿದ್ದರು. ಟಾರ್ಸೆಟ್ರಪಿಬ್ ಎಂಬ ಮಾತ್ರೆ ಎಚ್‌ಡಿಎಲ್ಲನ್ನು ಶೇ. 70ಕ್ಕೂ ಹೆಚ್ಚು ಏರಿಸಿತು. ಅದನ್ನು ನುಂಗಿದವರಲ್ಲೇ ಸಾವು ಹೆಚ್ಚಾಗಿ 2006ರಲ್ಲಿ ಪ್ರಯೋಗವನ್ನು ನಿಲ್ಲಿಸಬೇಕಾಯಿತು. ಅಲ್ಲಿಗೆ ಆ ಮಾತ್ರೆಯ ಅಧ್ಯಾಯ ಮುಗಿಯಿತು.

ಪ್ರಾಚೀನ ಶಾಸನಗಳ ಕೊನೆಯಲ್ಲಿ ಶಾಪಾಶಯ ಇರುತ್ತದೆ: ಇದನ್ನು ಅಳಿದವರು ವಾರಣಾಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪಕ್ಕೆ ಹೋಗಲಿ ಎಂಬರ್ಥದ್ದು. ನಮ್ಮ ಶಾಸನದಲ್ಲೂ ಇದೆ: ‘ಪ್ಲೀಸ್ ಕೋರಿಲೇಟ್ ಕ್ಲಿನಿಕಲಿ’. ಇದರ ಅರ್ಥವನ್ನು ಮನೆಯಲ್ಲಿ ಯಾರೂ ಹೇಳಲಾರದೆ ಹೋದರು. ಪ್ರಸ್ತುತ ಸಂಪಾದಕನ ಮತದಲ್ಲಿ ಇದು ಶಾಸನದ ಏಕೈಕ ಮುಖ್ಯ ಸಾಲು. ಹಾಳೆಯ ಹಿಂಬದಿ ಖಾಲಿಯಾಗಿದೆ, ಬರೆಯಬೇಕಾದ್ದು ಅಲ್ಲಿದೆ ಎಂದು ಅದು ಹೇಳುತ್ತಿದೆ. ಯಜಮಾನರಿಗೆ 56 ವರ್ಷ. ಒಂಬತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಬಿಪಿ ಮಾತ್ರೆ ನಡೆಯುತ್ತಿದೆ. ಸಿಗರೇಟು ‘ಬಿಟ್ಟಿದ್ದಾರೆ’, ಅಂದರೆ ಮನೆಯಲ್ಲಿ ಸೇದುವುದಿಲ್ಲ. ತಂದೆಗೆ 51ಕ್ಕೇ ಹಾರ್ಟ್ ಅಟ್ಯಾಕ್. ಇಷ್ಟನ್ನು ಹಿಂಬದಿಯಲ್ಲಿ ಬರೆದ ಕೂಡಲೇ ಮುಂಬದಿಯ ಅಂಕಿಗಳ ಅರ್ಥ ಬದಲಾಗುತ್ತದೆ.

ಕಾರ್ಡಿಯಾಲಜಿಕಲ್ ಸೊಸೈಟಿ ಆಫ್ ಇಂಡಿಯಾ 2024ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಅಪಾಯ ಕಡಿಮೆಯಿರುವವರ ಎಲ್‌ಡಿಎಲ್ 100ರೊಳಗೆ ಇದ್ದರೆ ಸಾಕು. ಸಕ್ಕರೆ ಕಾಯಿಲೆಯಂಥದ್ದಿದ್ದು ಅಪಾಯ ಹೆಚ್ಚಿರುವವರಿಗೆ 70ರೊಳಗೆ, ನಾನ್-ಎಚ್‌ಡಿಎಲ್ 100ರೊಳಗೆ. ಈಗಾಗಲೇ ಹೃದಯಾಘಾತವೋ ಪಾರ್ಶ್ವವಾಯುವೋ ಆದವರಿಗೆ 55ರೊಳಗೆ. ಆದ್ದರಿಂದ 146 ಎಂಬ ಅಂಕಿ ಪಕ್ಕದ ಮನೆಯ ಇಪ್ಪತ್ತೈದರ ಹುಡುಗಿಗೆ ‘ಊಟ ನೋಡಿಕೋಮ್ಮ, ವರ್ಷ ಬಿಟ್ಟು ನೋಡೋಣ’ ಎಂಬ ಮಾತು. ಯಜಮಾನರಿಗೆ ಇರಬೇಕಾದ್ದಕ್ಕಿಂತ ಎರಡರಷ್ಟು. ಒಂದೇ ಅಕ್ಷರ, ಎರಡು ಶಾಸನ. ಎಲ್‌ಡಿಎಲ್ 190 ದಾಟಿದ್ದರೆ ಕಥೆಯೇ ಬೇರೆ, ಅಲ್ಲಿ ವಂಶವಾಹಿ ದೋಷವನ್ನು ಅನುಮಾನಿಸಿ ಅಣ್ಣತಮ್ಮಂದಿರು, ಮಕ್ಕಳೆಲ್ಲ ರಕ್ತ ಕೊಡಬೇಕು. ಥೈರಾಯ್ಡ್ ಮಂದವಾದರೂ ಎಲ್‌ಡಿಎಲ್ ಏರುತ್ತದೆ, ಅದನ್ನು ನೋಡದೆ ಮುಂದಿನ ಅಧ್ಯಾಯಕ್ಕೆ ಹೋಗುವಂತಿಲ್ಲ. ಲೈಪೊಪ್ರೋಟೀನ್-ಎ ಎಂಬ ಇನ್ನೊಂದು ಪರೀಕ್ಷೆಯಿದೆ. ಹುಟ್ಟಿನಿಂದ ಬರುವ ಗುಣವಾದ್ದರಿಂದ ಜೀವಮಾನದಲ್ಲಿ ಒಮ್ಮೆ ಮಾಡಿಸಿದರೆ ಸಾಕು. ಬಹುಶಃ ಅದಕ್ಕೇ ವರ್ಷವರ್ಷದ ಎಷ್ಟೋ ಆಫರ್ ಪ್ಯಾಕೇಜುಗಳಲ್ಲಿ ಅದಕ್ಕೆ ಜಾಗವಿಲ್ಲ.

ಚಿಕಿತ್ಸೆಯ ವಿಷಯದಲ್ಲಿ ಪೂರ್ವಪಕ್ಷಗಳು ಹಲವು. ಅವು ಭಾನುವಾರದ ಊಟದಲ್ಲಿ, ಬಾಳೆ ಎಲೆಯ ಸುತ್ತ ಮಂಡನೆಯಾದವು.

ಲಶುನವಾದಿಗಳ ಮುಖಂಡರು ಯಜಮಾನರ ಷಡ್ಡಕರು. ಖಾಲಿ ಹೊಟ್ಟೆಯಲ್ಲಿ ಎರಡು ಎಸಳು ಹಸಿ ಬೆಳ್ಳುಳ್ಳಿ, ನಲವತ್ತೆಂಟು ದಿನ, ಎಂಬುದು ಅವರ ಸಿದ್ಧಾಂತ. ಪ್ರಮಾಣ: ವಾಟ್ಸಾಪ್. ಪ್ರತಿಪ್ರಮಾಣ: 2007ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಪ್ರಕಟಿಸಿದ ಪ್ರಯೋಗ. 192 ಜನರಿಗೆ ಹಸಿ ಬೆಳ್ಳುಳ್ಳಿ, ಬೆಳ್ಳುಳ್ಳಿಯ ಎರಡು ಬಗೆಯ ಮಾತ್ರೆ, ಇಲ್ಲವೇ ಬರೀ ಹುಸಿಮಾತ್ರೆ ಹಂಚಿ ಆರು ತಿಂಗಳು ಕಾದರು. ಎಲ್‌ಡಿಎಲ್ ಅಲುಗಲಿಲ್ಲ. ಷಡ್ಡಕರು, “ಅವರದು ಫಾರಿನ್ ಬೆಳ್ಳುಳ್ಳಿ” ಎಂದರು. ಈ ಆಕ್ಷೇಪಕ್ಕೆ ಉತ್ತರ ಇನ್ನೂ ಬಂದಿಲ್ಲ.

ಘೃತವಾದವನ್ನು ಯಜಮಾನರ ತಾಯಿ ಮಂಡಿಸಿದರು. “ನಿನ್ನ ತಾತ ದಿನಾ ಬೊಗಸೆ ತುಪ್ಪ ತಿಂದು ತೊಂಬತ್ತೆರಡು ಬದುಕಲಿಲ್ವೇನೋ?” ಬದುಕಿದ್ದು ನಿಜ. ತಾತನ ಓರಗೆಯವರಲ್ಲಿ ಬೇಗ ಹೋದವರು ಈ ವಾದಕ್ಕೆ ಸಾಕ್ಷಿ ಹೇಳಲು ಬರುವುದಿಲ್ಲ ಎಂಬುದಷ್ಟೇ ಇದರ ದೋಷ. ತುಪ್ಪದ ಕೊಬ್ಬಿನಲ್ಲಿ ಅರ್ಧಕ್ಕೂ ಹೆಚ್ಚು ಸ್ಯಾಚುರೇಟೆಡ್ ಜಾತಿಯದು, ಕೊಬ್ಬರಿ ಎಣ್ಣೆಯಲ್ಲಿ ಅದಕ್ಕಿಂತಲೂ ಹೆಚ್ಚು. ರಕ್ತದಿಂದ ಎಲ್‌ಡಿಎಲ್ಲನ್ನು ಎಳೆದುಕೊಳ್ಳುವ ಯಕೃತ್ತಿನ ಕೆಲಸವನ್ನು ಈ ಕೊಬ್ಬು ಮಂದ ಮಾಡುತ್ತದೆ. ತಿನ್ನುವ ಕೊಲೆಸ್ಟರಾಲಿಗಿಂತ ಹೆಚ್ಚಿನವರಿಗೆ ಇದೇ ದೊಡ್ಡ ಶತ್ರು. ಅಮೆರಿಕದ ಆಹಾರ ಮಾರ್ಗಸೂಚಿಯೂ ದಿನಕ್ಕೆ 300 ಮಿಲಿಗ್ರಾಂ ಕೊಲೆಸ್ಟರಾಲ್ ಎಂಬ ಮಿತಿಯನ್ನು 2015ರ ಆವೃತ್ತಿಯಲ್ಲಿ ಕೈಬಿಟ್ಟಿತು. ಮೊಟ್ಟೆಯ ಭಂಡಾರವನ್ನು ಬಿಸಾಡಿ, ಬೇಕರಿ ಪಫ್ಸ್ ತಿನ್ನುವ ತ್ಯಾಗಿಗಳು ಇದನ್ನು ಗಮನಿಸಬೇಕು.

ಇಲ್ಲಿ ಅಡುಗೆಮನೆಯ ಉಪಶಾಸನವೊಂದನ್ನು ಉಲ್ಲೇಖಿಸದಿದ್ದರೆ ಸಂಶೋಧನೆ ಅಪೂರ್ಣ. ಕಡಲೆಕಾಯಿ ಎಣ್ಣೆಯ ಪ್ಯಾಕೆಟ್ಟಿನ ಮೇಲೆ, ಕೆಂಪು ಹೃದಯದ ಚಿತ್ರದ ಪಕ್ಕ, ‘ಕೊಲೆಸ್ಟರಾಲ್ ಇಲ್ಲ’ ಎಂದು ಬರೆದಿದೆ. ಬೀಜದ ಎಣ್ಣೆಯಲ್ಲಿ ಅದು ಲೆಕ್ಕಕ್ಕೆ ಸಿಗುವಷ್ಟು ಯಾವತ್ತೂ ಇರಲಿಲ್ಲ. ಹಾಲಿನ ಪ್ಯಾಕೆಟ್ಟಿನ ಮೇಲೆ ‘ಮೂಳೆ ಇಲ್ಲ’ ಎಂದು ಬರೆದ ಹಾಗೆ.

ಪಾರ್ಕ್ ಪರಿಷತ್ತಿನವರ ವಾದ ನಡಿಗೆಯದು, ಮತ್ತು ಅದು ಅರ್ಧ ಸತ್ಯ. ನಡೆದರೆ, ಹೊಟ್ಟೆ ಕರಗಿದರೆ, ಸಕ್ಕರೆ, ಮದ್ಯ, ಅನ್ನದ ಗುಡ್ಡ ಕಡಿಮೆಯಾದರೆ ಟ್ರೈಗ್ಲಿಸರೈಡ್ ಚೆನ್ನಾಗಿ ಇಳಿಯುತ್ತದೆ. ಎಲ್‌ಡಿಎಲ್ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ನಡಿಗೆ ಮುಗಿದ ಮೇಲೆ ಪರಿಷತ್ತು ದರ್ಶಿನಿಯಲ್ಲಿ ಸೇರಿ ಬೆಣ್ಣೆ ಮಸಾಲೆ ಸಮೇತ ನಡೆಸುವ ಸಮಾರೋಪದ ಪರಿಣಾಮ ಕುರಿತು ಪ್ರತ್ಯೇಕ ಪ್ರಬಂಧ ಬೇಕು.

ಉಳಿದದ್ದು ಮಾತ್ರೆ. ಅದಕ್ಕೆ ಭಾನುವಾರದ ಸಭೆಯಲ್ಲಿ ವಕೀಲರೇ ಇರಲಿಲ್ಲ. ‘ಒಂದು ಸಲ ಶುರು ಮಾಡಿದರೆ ಸಾಯೋವರೆಗೂ ಬಿಡಕ್ಕಾಗಲ್ಲ’ ಎಂಬ ಒಂದೇ ಮಾತಿಗೆ ಕೇಸು ವಜಾ ಆಯಿತು. ಸ್ಟ್ಯಾಟಿನ್‌ಗಳ ಮೂಲಪುರುಷ ಜಪಾನಿನ ಅಕಿರಾ ಎಂಡೊ. ಆರು ಸಾವಿರಕ್ಕೂ ಹೆಚ್ಚು ಶಿಲೀಂಧ್ರಗಳನ್ನು ಜಾಲಾಡಿ, 1973ರಲ್ಲಿ ಅವರು ಮೊದಲ ಸ್ಟ್ಯಾಟಿನ್ ಹಿಡಿದರು. ಆ ನೀಲಿ-ಹಸಿರು ಬೂಷ್ಟು ಸಿಕ್ಕಿದ್ದು ಕ್ಯೋಟೊ ನಗರದ ಧಾನ್ಯದಂಗಡಿಯ ಅಕ್ಕಿಯಲ್ಲಿ. ಟ್ರೈಗ್ಲಿಸರೈಡನ್ನು ಏರಿಸುವ ಅಕ್ಕಿಯಲ್ಲೇ ಎಲ್‌ಡಿಎಲ್ಲನ್ನು ಇಳಿಸುವ ಮದ್ದು! ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯ ಕರ್ನಾಟಿಕ’ ಓದಿ ಬೆಳೆದ ಶಾಸನಜ್ಞರಿಗೆ ಇದು ಸಮಾಧಾನದ ಸಂಗತಿ. ಯಕೃತ್ತು ಕೊಲೆಸ್ಟರಾಲ್ ತಯಾರಿಸುವ ದಾರಿಯಲ್ಲಿ ಸ್ಟ್ಯಾಟಿನ್ ಅಡ್ಡ ನಿಲ್ಲುತ್ತದೆ. ಆಗ ಯಕೃತ್ತು ತನಗೆ ಬೇಕಾದ್ದನ್ನು ರಕ್ತದಿಂದ ಎಳೆದುಕೊಳ್ಳಲು ಶುರುಮಾಡುತ್ತದೆ. 1994ರಲ್ಲಿ ಸ್ಕ್ಯಾಂಡಿನೇವಿಯ ದೇಶಗಳ ಪ್ರಯೋಗವೊಂದರ ಫಲಿತಾಂಶ ಬಂತು. ಹೃದಯದ ಕಾಯಿಲೆಯಿದ್ದ 4444 ಜನ, ಸುಮಾರು ಐದೂವರೆ ವರ್ಷ. ಹುಸಿಮಾತ್ರೆ ತಿಂದವರಲ್ಲಿ 256 ಸಾವು, ಸಿಮ್ವಸ್ಟ್ಯಾಟಿನ್ ತಿಂದವರಲ್ಲಿ 182.

ಮೈಕೈ ನೋವು ಬರುತ್ತದಂತಲ್ಲ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಕೆಲವರಿಗೆ ಬರುತ್ತದೆ, ಸ್ನಾಯುಗಳಿಗೆ ನಿಜವಾದ ಹಾನಿ ಅಪರೂಪಕ್ಕೆ ಆಗುತ್ತದೆ, ಸಕ್ಕರೆ ಒಂಚೂರು ಏರಬಹುದು. ಆದರೆ 2020ರ ಬ್ರಿಟಿಷ್ ಅಧ್ಯಯನದಲ್ಲಿ, ತೊಂದರೆಯಾಯಿತೆಂದು ಮಾತ್ರೆ ಬಿಟ್ಟಿದ್ದವರಿಗೆ ಯಾವುದು ಯಾವುದೆಂದು ಹೇಳದೆ ಕೆಲವು ತಿಂಗಳು ಸ್ಟ್ಯಾಟಿನ್, ಕೆಲವು ತಿಂಗಳು ಹುಸಿಮಾತ್ರೆ ಕೊಟ್ಟು ನೋಡಿದಾಗ, ಸ್ಟ್ಯಾಟಿನ್‌ನಲ್ಲಿ ಕಂಡ ತೊಂದರೆಯ ಶೇ. 90ರಷ್ಟು ಹುಸಿಮಾತ್ರೆಯಲ್ಲೂ ಕಂಡಿತು. ನೋವು ಸುಳ್ಳಲ್ಲ, ಆರೋಪಿ ಬೇರೆ. ನೋವಾದರೆ ಡಾಕ್ಟರಿಗೆ ಹೇಳಬೇಕು, ಪ್ರಮಾಣ ಇಳಿಸಲು, ಬೇರೆ ಸ್ಟ್ಯಾಟಿನ್ ಕೊಡಲು ದಾರಿಯಿದೆ.

ಈಗ ಸಿದ್ಧಾಂತ. ಯಜಮಾನರ ಎಲ್‌ಡಿಎಲ್ 146, ಮುಟ್ಟಬೇಕಾದ್ದು 70ರ ಕೆಳಗೆ. ಶ್ರದ್ಧೆಯಿಂದ ಊಟ ಬದಲಿಸಿ ಶೇ. 10 ಇಳಿಸಿದರು ಅನ್ನೋಣ, 131 ಆಯಿತು. ಸಾಲದು. ಊಟ ಹಾಗೇ ಇಟ್ಟು, ಅರ್ಧಕ್ಕರ್ಧ ಇಳಿಸುವ ಪ್ರಬಲ ಪ್ರಮಾಣದ ಸ್ಟ್ಯಾಟಿನ್ ಮಾತ್ರ ತಿಂದರೆ 73. ಕೂದಲೆಳೆಯಲ್ಲಿ ಸಾಲದು. ಊಟ, ಮಾತ್ರೆ ಎರಡನ್ನೂ ಸೇರಿಸಿದರೆ 66. ಅಡುಗೆಮನೆ ಮತ್ತು ಮೆಡಿಕಲ್ ಸ್ಟೋರ್ ನಡುವಿನ ಶತಮಾನದ ವಾದ ಕೂಡುವ-ಕಳೆಯುವ ಲೆಕ್ಕದಲ್ಲಿ ಮುಗಿಯಿತು. ಹಾಗೂ ಬಗ್ಗದವರಿಗೆ ಎಜೆಟಿಮೈಬ್ ಸೇರಿಸಿದರೆ ಇನ್ನೂ ಐದನೇ ಒಂದು ಭಾಗ ಇಳಿಯುತ್ತದೆ. ಅದಕ್ಕೂ ಮೇಲೆ ದುಬಾರಿ ಇಂಜೆಕ್ಷನ್‌ಗಳಿವೆ.

ಕೊನೆಗೆ ಯಜಮಾನರು ಮಾತ್ರೆ ಶುರುಮಾಡಿ ಊಟವನ್ನೂ ಬದಲಿಸಿದರು. ಎರಡು ತಿಂಗಳ ತರುವಾಯ ಎರಡನೇ ಶಾಸನ ದೊರೆಯಿತು. ಎಲ್‌ಡಿಎಲ್ 69, ನಾನ್-ಎಚ್‌ಡಿಎಲ್ 97. ಮಿತಿ ತಪ್ಪಿದ ಅಂಕಿಗೆ ಹಾಕುವ ಬಾಣದ ಗುರುತು ಎಚ್‌ಡಿಎಲ್ ಒಂದಕ್ಕೇ ಉಳಿದಿತ್ತು. ಮನೆಯಲ್ಲಿ ಹೋಳಿಗೆ ಆಯಿತು. ಮರುವಾರ ಹೆಂಡತಿ, “ರೀ, ಮಾತ್ರೆ ತಗೊಂಡ್ರಾ?” ಎಂದರು. ಯಜಮಾನರು ವರದಿ ತೋರಿಸಿ, “ಎಲ್ಲಾ ನಾರ್ಮಲ್ ಬಂದಿದೆಯಲ್ಲೇ, ಇನ್ಯಾಕೆ?” ಎಂದರು.

ಈ ವ್ಯಾಖ್ಯಾನವನ್ನು ಸಂಪಾದಕ ಒಪ್ಪುವುದಿಲ್ಲ. ನಾರ್ಮಲ್ ಬಂದದ್ದು ಮಾತ್ರೆ ತಿಂದದ್ದರಿಂದ. ನಿಲ್ಲಿಸಿದರೆ ಕೆಲವೇ ವಾರಗಳಲ್ಲಿ ಎಲ್‌ಡಿಎಲ್ ಹಳೆಯ ಜಾಗಕ್ಕೆ ವಾಪಸಾಗುತ್ತದೆ. ಸಕ್ಕರೆ ಕಾಯಿಲೆ, ಬಿಪಿ, ತಂದೆಯ 51 ಎಂಬ ಅಂಕಿ, ಯಾವುದೂ ಈ ಮಧ್ಯೆ ಎಲ್ಲಿಗೂ ಹೋಗಿಲ್ಲ. ಆದ್ದರಿಂದ ಯಜಮಾನರು ಇವತ್ತು ರಾತ್ರಿಯಿಂದಲೇ ಮಾತ್ರೆ ಮುಂದುವರಿಸತಕ್ಕದ್ದು, ಬಿಡುವುದೇ ಆದರೆ ಡಾಕ್ಟರನ್ನು ಕೇಳಿ ಬಿಡತಕ್ಕದ್ದು ಎಂದು ತೀರ್ಮಾನಿಸಲಾಗಿದೆ.